ಉತಾರ ಇಲ್ಲದವನಿಗೆ ಜಾಮೀನು ನಿಲ್ಲುವವರು ಯಾರು?

ಮಾನ್ಯ ಸಂಪಾದಕರಿಗೆ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಗೋಕಾಕ ಕಡೆಯವರೊಬ್ಬರು ‘ಕಳ್ಳರಿಗೆ ಜಾಮೀನು ಕೊಡುವುದೇ ತಪ್ಪು, ಕೊಟ್ಟರೆ ಓಡಿಹೋಗುತ್ತಾರೆ, ಬಡವ ಎಂಬ ನೆಪ ಕೇಳಿ ಕೋರ್ಟುಗಳು ಮೆತ್ತಗಾಗಿವೆ’ ಎಂದು ಬರೆದಿದ್ದರು. ಅವರ ಸಿಟ್ಟು ನನಗೆ ತಿಳಿಯುತ್ತದೆ. ಬೆಳೆ ನಿಂತಾಗ ಬೋರ್‌ವೆಲ್ಲಿನ ಕೇಬಲ್ ಕಳೆದುಕೊಂಡವರ ಸಂಕಟ ಸಣ್ಣದಲ್ಲ. ಆದರೆ ನಾನು ನೌಕರಿಯ ಉದ್ದಕ್ಕೂ ಜೈಲಿನ ಗೇಟಿನ ಒಳಗೆ ನಿಂತವನು. ವಾರ್ಡರ್ ಆಗಿ ಸೇರಿ ಹೆಡ್ ವಾರ್ಡರ್ ಆಗಿ ನಿವೃತ್ತನಾದೆ. ಯಾವ ಊರಿನ ಜೈಲು ಎಂಬುದು ಇಲ್ಲಿ ಬೇಡ. ಅಲ್ಲಿ ಕಣ್ಣಾರೆ ಕಂಡದ್ದೊಂದು, ಈಚೆಗೆ ಮನೆಯಲ್ಲಿ ಕಿವಿಯಾರೆ ಕೇಳಿದ್ದೊಂದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಕತ್ತರಿಸಿ, ಉತಾರದ, ಅಂದರೆ ಹೊಲದ ಪಹಣಿಯ, ಮಾತು ಮಾತ್ರ ಬಿಡಬೇಡಿ.

ಮೊಮ್ಮಗಳು ಇಂಗ್ಲಿಷ್ ಎಂ.ಎ. ಓದುತ್ತಾಳೆ. ನನ್ನ ಕಣ್ಣಿನ ಪೊರೆ ತೆಗೆಸಿದಾಗ ಡಾಕ್ಟರು ಓದುವುದು ಬೇಡವೆಂದಿದ್ದರು. ಹಾಗಾಗಿ ಸಂಜೆ ಅವಳು ತನ್ನ ಪಾಠದ್ದನ್ನೇ ಓದಿ, ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ಮಿಲ್ಟನ್ ಎಂಬ ದೊಡ್ಡ ಕವಿಗೆ ಕಣ್ಣು ಹೋದ ಮೇಲೆ ಮಧ್ಯಾಹ್ನದ ಹೊತ್ತು ಲ್ಯಾಟಿನ್ ಪುಸ್ತಕ ಓದಿ ಹೇಳಲು ಥಾಮಸ್ ಎಲ್‌ವುಡ್ ಎಂಬ ಹುಡುಗ ಬರುತ್ತಿದ್ದನಂತೆ. ‘ಮುತ್ಯಾ, ಇವ ಜೈಲಿಗೆ ಹೋಗಿದ್ದ. ಅಲ್ಲಿದ್ದ ಸುದ್ದಿ ಎಲ್ಲಾ ಬರೆದಿಟ್ಟಾನ’ ಅಂದಳು. ‘ಯಾವ ಕೇಸು?’ ಅಂದೆ. ಹಳೇ ರೂಢಿ. ಆಮೇಲೆ ಮಿಲ್ಟನ್ ಹಿಂದೆ ಉಳಿದ, ನಮ್ಮಿಬ್ಬರ ಓದು ಎಲ್‌ವುಡ್ಡನ ಜೀವನಚರಿತ್ರೆಗೆ ಹೊರಳಿತು. ಅವನೇ ಬರೆದದ್ದು, ಅವನು ಸತ್ತ ಮೇಲೆ 1714ರಲ್ಲಿ ಅಚ್ಚಾದದ್ದು.

ಎಲ್‌ವುಡ್ ಹುಟ್ಟಿದ್ದು 1639ರಲ್ಲಿ, ಆಕ್ಸ್‌ಫರ್ಡ್‌ಶೈರಿನ ಕ್ರೊವೆಲ್ ಎಂಬ ಹಳ್ಳಿಯಲ್ಲಿ. ಅಪ್ಪ ವಾಲ್ಟರ್ ಆ ಭಾಗದ ‘ಜಸ್ಟಿಸ್ ಆಫ್ ದಿ ಪೀಸ್’, ನಮ್ಮ ಲೆಕ್ಕದಲ್ಲಿ ಮ್ಯಾಜಿಸ್ಟ್ರೇಟ್. ಅಂದರೆ ಮಂದಿಯನ್ನು ಜೈಲಿಗೆ ಕಳಿಸುವವರ ಮನೆಯ ಮಗ. ಇಪ್ಪತ್ತು ವಯಸ್ಸಿನ ಹೊತ್ತಿಗೆ, 1659ರಲ್ಲಿ, ಅವನು ಕ್ವೇಕರರ ಸಭೆಗೆ ಹೋಗಿ ಅವರಲ್ಲೊಬ್ಬನಾದ. ಆಗ ಅದು ಹೊಸ ಪಂಥ. ಕಟ್ಟಿದವನು ಜಾರ್ಜ್ ಫಾಕ್ಸ್, ನೇಕಾರನ ಮಗ, ಚಪ್ಪಲಿ ಹೊಲಿಯುವ ಕಸುಬು ಕಲಿತವನು. ಶಹಾಪುರ, ವಡಗಾಂವದ ಮಗ್ಗದ ಮಂದಿಗೆ ಈ ಮಾತು ಇಷ್ಟವಾದೀತೆಂದು ಬರೆದೆ. ಈ ಪಂಥದಲ್ಲಿ ಸಂಬಳದ ಪೂಜಾರಿ ಇಲ್ಲ. ಎಲ್ಲರೂ ಸುಮ್ಮನೆ ಕೂಡುತ್ತಾರೆ, ಒಳಗಿನಿಂದ ಮಾತು ಬಂದವರು ಎದ್ದು ಹೇಳುತ್ತಾರೆ. ಯಾವ ಮನುಷ್ಯನ ಮುಂದೆಯೂ ಟೊಪ್ಪಿಗೆ ತೆಗೆಯುವುದಿಲ್ಲ. ರಾಜನಿರಲಿ, ಕೂಲಿಯವನಿರಲಿ, ಎಲ್ಲರಿಗೂ ಏಕವಚನ. ಆಣೆ ಮಾಡುವುದೇ ಇಲ್ಲ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ, ಆಣೆ ಇಡಬೇಡಿ ಎಂದು ಬೈಬಲ್‌ನಲ್ಲಿ ಇದೆ, ಅದನ್ನು ಅವರು ಇದ್ದ ಹಾಗೆಯೇ ಹಿಡಿದುಕೊಂಡಿದ್ದರು.

ಮೊದಲ ಜೈಲು ಮನೆಯೇ ಆಯಿತು. ನಮ್ಮ ಕಡೆ ಹಿರಿಯರ ಎದುರು ತಲೆಯ ಮೇಲಿನ ಪಟಕಾ ತೆಗೆಯುವುದು ಸಲ್ಲದು. ಅಲ್ಲಿ ಉಲ್ಟಾ, ಅಪ್ಪನ ಎದುರು ಟೊಪ್ಪಿಗೆ ಇಟ್ಟುಕೊಂಡು ನಿಂತರೆ ಮುಖಕ್ಕೆ ಉಗುಳಿದ ಹಾಗೆ. ಮಗ ಟೊಪ್ಪಿಗೆ ತೆಗೆಯಲಿಲ್ಲ. ಮ್ಯಾಜಿಸ್ಟ್ರೇಟ್ ಸಾಹೇಬರು ಎರಡೂ ಕೈಲಿ ಗುದ್ದಿ, ಟೊಪ್ಪಿಗೆ ಕಿತ್ತು ಎಸೆದರು. ಹುಡುಗ ಇನ್ನೊಂದು ಹಾಕಿಕೊಂಡ. ಅದನ್ನೂ ಕಿತ್ತರು. ಹೀಗೆ ಮನೆಯಲ್ಲಿದ್ದ ಟೊಪ್ಪಿಗೆ ಒಂದೊಂದೇ ಕಾಣೆಯಾದವು. ಆ ದೇಶದ ಚಳಿಯಲ್ಲಿ ಬರೀ ತಲೆಯಲ್ಲಿ ಹೊರಗೆ ಕಾಲಿಡುವಂತಿಲ್ಲ, ಇಡೀ ಚಳಿಗಾಲ ಮನೆಯಲ್ಲೇ ಕೂತ. ಅಪ್ಪನಿಗೆ ‘ನೀನು’ ಅಂದದ್ದಕ್ಕೆ ‘ಇನ್ನೊಮ್ಮೆ ಹಾಗೆ ಅಂದರೆ ಹಲ್ಲು ಗಂಟಲಿಗೆ ಇಳಿಸುತ್ತೇನೆ’ ಎಂಬ ಬೆದರಿಕೆ. ನಾನು ಇಲ್ಲಿ ಅಪ್ಪನ ಪಕ್ಷವನ್ನೂ ಸ್ವಲ್ಪ ವಹಿಸುತ್ತೇನೆ. ನನ್ನ ಮಗ ನನಗೆ ಹಾಗೆ ಮಾಡಿದ್ದರೆ ನಾನೇನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು. ಆದರೆ ಹುಡುಗ ತಿರುಗಿ ಒಂದು ಕೆಟ್ಟ ಮಾತು ಆಡಲಿಲ್ಲ, ಮನೆಯ ಬೇರೆ ಯಾವ ಕೆಲಸಕ್ಕೂ ಒಲ್ಲೆ ಅನ್ನಲಿಲ್ಲ.

1662ರಲ್ಲಿ ಅಲ್ಲಿನ ಪಾರ್ಲಿಮೆಂಟು ಕ್ವೇಕರರ ಮೇಲೆಯೇ ಒಂದು ಕಾನೂನು ತಂದಿತು. ಆಣೆ ಮಾಡಲು ಒಲ್ಲೆ ಅಂದರೆ ಅಪರಾಧ. ಹದಿನಾರು ದಾಟಿದ ಐದು ಮಂದಿ ಪೂಜೆಗೆಂದು ಒಂದೆಡೆ ಸೇರಿದರೆ ಅಪರಾಧ. ಮೊದಲ ಸಲ 5 ಪೌಂಡ್ ದಂಡ, ಎರಡನೆಯದಕ್ಕೆ 10, ಮೂರನೆಯದಕ್ಕೆ ದೇಶದಿಂದಲೇ ಆಚೆ. ಐದು ಮಂದಿಯ ಲೆಕ್ಕ ನಮ್ಮ ಪೊಲೀಸರಿಗೂ ಪ್ರೀತಿಯದೇ, ಇರಲಿ. ಅದೇ ವರ್ಷ ಅಕ್ಟೋಬರ್ 26ರಂದು ಲಂಡನ್ನಿನ ‘ಬುಲ್ ಅಂಡ್ ಮೌತ್’ ಎಂಬಲ್ಲಿ ಸಭೆ ನಡೆದಾಗ ಸಿಪಾಯಿಗಳು ನುಗ್ಗಿ ಎಲ್‌ವುಡ್ಡನನ್ನೂ ಹಿಡಿದು ಬ್ರೈಡ್‌ವೆಲ್ ಜೈಲಿಗೆ ಹಾಕಿದರು. ಅವನ ಕಿಸೆಯಲ್ಲಿದ್ದದ್ದು ಹತ್ತು ಪೆನ್ನಿ. ಆ ಕಾಲದ ಜೈಲಿನಲ್ಲಿ ಕೈದಿ ತನ್ನ ಊಟ ತಾನೇ ನೋಡಿಕೊಳ್ಳಬೇಕು. ಹೊರಗಿನ ಕ್ವೇಕರ್ ಹೆಂಗಸರು ಬುತ್ತಿ ತಂದು ಕೊಡುತ್ತಿದ್ದರು. ‘ನನಗಿಂತ ಬಡವರಿಗೆ ತಂದದ್ದು, ನಾನು ಹೇಗೆ ಉಣ್ಣಲಿ’ ಎಂದು ಇವನು ಹಿಂದೆ ಮುಂದೆ ನೋಡುತ್ತಾನೆ. ಆಮೇಲೆ ಪರಿಚಯದವರಿಂದ ಹಣ ಬಂತು. ಕೈ ಕಟ್ಟಿ ಕೂಡಲಾರದೆ ಚೀಪ್‌ಸೈಡಿನ ಅಂಗಡಿಯವನೊಬ್ಬನಿಗೆ ಕೆಂಪು, ಹಳದಿ ಫ್ಲಾನೆಲ್ ಬಟ್ಟೆಯಲ್ಲಿ ಹೆಂಗಸರು ಮಕ್ಕಳು ರಾತ್ರಿ ಹಾಕಿಕೊಳ್ಳುವ ಒಳ ಅಂಗಿ ಹೊಲಿದು ಕೊಡತೊಡಗಿದ.

ಇದನ್ನು ಕೇಳುವಾಗ ಮೊಮ್ಮಗಳನ್ನು ತಡೆದು ಮತ್ತೊಮ್ಮೆ ಓದಿಸಿದೆ. ನಮ್ಮಲ್ಲಿ ಶಿಕ್ಷೆಯಾದವರಿಗೆ ಮಗ್ಗ, ಟೇಲರಿಂಗ್, ಬೇಕರಿ ಅಂತ ಕೆಲಸ ಇರುತ್ತದೆ, ಕೂಲಿಯೂ ಇರುತ್ತದೆ. ವಿಚಾರಣಾಧೀನ ಕೈದಿಗೆ, ನಾವು ಯು.ಟಿ. ಅನ್ನುತ್ತೇವೆ, ಕೆಲಸದ ಕಡ್ಡಾಯ ಇಲ್ಲ. ಕೇಳಲು ಚೆಂದ. ಆದರೆ ಬೆಳಗಿನ ಲಾಕಪ್ ತೆಗೆದಾಗಿನಿಂದ ಸಂಜೆ ಗಿಣತಿ ಆಗುವವರೆಗೆ ಬ್ಯಾರಕ್ಕಿನ ಗೋಡೆಗೆ ಒರಗಿ ಕೂಡುವುದು ಎಂಥ ಶಿಕ್ಷೆ ಅನ್ನುವುದು ಕೂತವನಿಗೇ ಗೊತ್ತು. ಜಗಳಗಳೆಲ್ಲ ಅಲ್ಲೇ ಹುಟ್ಟುತ್ತವೆ.

ಡಿಸೆಂಬರಿನಲ್ಲಿ ಅವನನ್ನು ಓಲ್ಡ್ ಬೇಲಿ ಕೋರ್ಟಿಗೆ ಕರೆತಂದರು. ಸಭೆಯ ವಿಚಾರ ಯಾರೂ ಎತ್ತಲಿಲ್ಲ, ‘ರಾಜನಿಗೆ ನಿಷ್ಠನೆಂದು ಆಣೆ ಮಾಡು’ ಅಂದರು. ಕೈದಿಯಾಗಿ ತಂದು ನಿಲ್ಲಿಸಿದವನಿಂದ ಮನಃಪೂರ್ವಕ ಆಣೆ ಕೇಳುವುದು ಯಾವ ನ್ಯಾಯ ಎಂದು ಇವನು ವಾದಿಸಿದ. ನ್ಯೂಗೇಟ್ ಎಂಬ ಇನ್ನೊಂದು ಜೈಲಿಗೆ ಹಾಕಿದರು.

ನ್ಯೂಗೇಟಿನ ವರ್ಣನೆ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಂದೇ ದೊಡ್ಡ ಕೋಣೆ, ನಡುವೆ ಕಂಬ. ಕಂಬದಿಂದ ಗೋಡೆಗೆ ಜೋಳಿಗೆ ಕಟ್ಟಿ, ಒಂದರ ಮೇಲೊಂದು ಮೂರು ಸಾಲು. ಮೇಲಿನವರು ಮೊದಲು ಹತ್ತಬೇಕು, ಆಮೇಲೆ ನಡುವಿನವರು, ಕೊನೆಗೆ ಕೆಳಗಿನವರು. ಅವುಗಳ ಕೆಳಗೆ ನೆಲದ ಮೇಲೆ ರೋಗಿಗಳು. ಉಸಿರಾಡಿದ ಗಾಳಿಯನ್ನೇ ಮತ್ತೆ ಉಸಿರಾಡಬೇಕು. ಒಬ್ಬ ಸತ್ತ. ಜೈಲಿನವರು ಸದ್ದಿಲ್ಲದೆ ಹೆಣ ಸಾಗಿಸಲು ನೋಡಿದರು. ಮರಣ ವಿಚಾರಣೆಗೆ ಬಂದ ಪಂಚರು ಆ ಕೋಣೆ ತೋರಿಸಲೇಬೇಕೆಂದು ಹಟ ಹಿಡಿದರು. ಬಾಗಿಲು ತೆಗೆದಾಗ ಪಂಚರ ಹಿರಿಯ, ಒಬ್ಬ ಮುದುಕ, ಕೈ ಎತ್ತಿ ಅಂದನಂತೆ: ಇವನು ಹೇಗೆ ಸತ್ತ ಎಂದು ಇನ್ನು ಕೇಳುವ ಅಗತ್ಯವಿಲ್ಲ, ಉಳಿದವರು ಹೇಗೆ ಬದುಕಿದ್ದಾರೆ ಅನ್ನುವುದೇ ಆಶ್ಚರ್ಯ. ಇಲಾಖೆಯಲ್ಲಿದ್ದು ಹೇಳುತ್ತೇನೆ, ಅಂಥ ಮುದುಕ ಒಬ್ಬ ಎಲ್ಲ ಜೈಲಿಗೂ ಬೇಕು, ಆದರೆ ಯಾರಾದರೂ ಸಾಯುವ ಮೊದಲೇ ಬರಬೇಕು.

ಇನ್ನೊಂದನ್ನು ಬರೆಯಲೋ ಬೇಡವೋ ಅಂದುಕೊಂಡೆ, ಬರೆಯುತ್ತೇನೆ. ಗಲ್ಲಿಗೇರಿಸಿದ ಮೂವರ ತಲೆಗಳನ್ನು ಊರ ಬಾಗಿಲಿಗೆ ಚುಚ್ಚಿಡುವ ಮೊದಲು ಅದೇ ಜೈಲಿಗೆ ತಂದು, ಗಲ್ಲು ಹಾಕುವವನು ಕೊಪ್ಪರಿಗೆಯಲ್ಲಿ ಉಪ್ಪು, ಜೀರಿಗೆ ಹಾಕಿ ಕುದಿಸಿದ್ದನ್ನು ಎಲ್‌ವುಡ್ ನೋಡಿದ. ಉಪ್ಪು ಕೊಳೆಯದಿರಲು, ಜೀರಿಗೆ ಹಕ್ಕಿ ಕುಕ್ಕದಿರಲು. ನಮ್ಮ ಮನೆಯಲ್ಲಿ ಆ ವಾರ ಸಾರಿಗೆ ಜೀರಿಗೆ ಬೀಳಲಿಲ್ಲ, ಮೊಮ್ಮಗಳೇ ಬೇಡವೆಂದಳು.

ನಾನು ಈ ಪತ್ರ ಬರೆಯಲು ಕೂತದ್ದು ಮಾತ್ರ ಮುಂದಿನ ಸಂಗತಿಗಾಗಿ. ಆ ಸಾವಿನ ಗದ್ದಲದ ಮೇಲೆ ಶೆರಿಫ್ ಬಂದು, ಬ್ರೈಡ್‌ವೆಲ್ಲಿನಿಂದ ಬಂದವರು ಅಲ್ಲಿಗೇ ಹೋಗಲಿ ಎಂದು ಹೇಳಿಹೋದರು. ಕರೆದುಕೊಂಡು ಹೋಗಬೇಕಾದ ಕಾವಲುಗಾರ ಏನಂದ ಗೊತ್ತೇ? ‘ದಾರಿ ನಿಮಗೆ ಗೊತ್ತೇ ಇದೆ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ನಾನು ಮನೆ ಬಿಟ್ಟು ಬರುವುದಿಲ್ಲ. ಮಲಗುವ ಹೊತ್ತಿನೊಳಗೆ ಹೋಗಿ ಸೇರಿಕೊಳ್ಳಿ.’ ಅಷ್ಟೇ. ಎಲ್ಲರೂ ಗಂಟುಮೂಟೆ ಹೆಗಲಿಗೆ ಹಾಕಿಕೊಂಡು ಇಬ್ಬಿಬ್ಬರಾಗಿ ಓಲ್ಡ್ ಬೇಲಿ ದಾಟಿ ಫ್ಲೀಟ್ ಸ್ಟ್ರೀಟಿಗೆ ಬಂದರು. ನಡು ಮಧ್ಯಾಹ್ನ, ಬೀದಿ ತುಂಬ ಮಂದಿ. ಅಂಗಡಿಯವರು ಬಾಗಿಲಿಗೆ ಬಂದು ಯಾರು, ಎಲ್ಲಿಗೆ ಎಂದು ಕೇಳಿದರು. ‘ಕೈದಿಗಳು, ಒಂದು ಜೈಲಿನಿಂದ ಇನ್ನೊಂದಕ್ಕೆ ಹೊರಟಿದ್ದೇವೆ.’ ‘ಕಾವಲು ಇಲ್ಲದೆಯೇ?’ ‘ಕೊಟ್ಟ ಮಾತೇ ನಮ್ಮ ಕಾವಲು.’ ಕೆಲವರು, ಹುಚ್ಚರೇ, ಮನೆಗೆ ಹೋಗಿ ಎಂದು ಬುದ್ಧಿ ಹೇಳಿದರು. ನಂಬಿದ್ದಕ್ಕಾಗಿ ಕಷ್ಟ ಪಡಬಹುದು, ಅದನ್ನು ಬಿಟ್ಟು ಓಡಲಾಗದು ಎಂದು ಹೇಳಿ ಇವರು ಮುಂದೆ ನಡೆದರು.

ಇದನ್ನು ಕೇಳಿ ಮೊಮ್ಮಗಳು ಎಲ್‌ವುಡ್ಡನ ಗುಣ ಹೊಗಳಿದಳು. ನನ್ನ ಮನಸ್ಸು ಆ ಕಾವಲುಗಾರನ ಕಡೆ ಹೋಯಿತು. ಅವನು ಕ್ವೇಕರ್ ಅಲ್ಲ, ಧರ್ಮಾತ್ಮನೂ ಅಲ್ಲ, ಬಹುಶಃ ಸೋಮಾರಿ. ಒಬ್ಬ ತಪ್ಪಿಸಿಕೊಂಡರೂ ಅವನ ನೌಕರಿ ಹೋಗುತ್ತಿತ್ತು. ಆದರೂ ಬಿಟ್ಟ, ಯಾಕೆಂದರೆ ಆ ಮಂದಿಯನ್ನು ಬೀಗದೊಳಗೆ ಇಟ್ಟುಕೊಂಡವನಿಗೆ ಅವರು ಎಂಥವರು ಎಂಬುದು ತಿಳಿದಿತ್ತು. ನಮಗೂ ತಿಳಿಯುತ್ತದೆ. ಒಂದೇ ಬ್ಯಾರಕ್ಕಿನಲ್ಲಿ ದಿನಾ ಗಿಣತಿ ಮಾಡುವವನಿಗೆ ಯಾರು ಹೊರಗೆ ಬಿಟ್ಟರೆ ತಾರೀಖಿಗೆ ಬರುತ್ತಾನೆ, ಯಾರು ಗಡಿ ದಾಟಿ ಹೋಗುತ್ತಾನೆ ಅನ್ನುವುದು ಮುಖ ನೋಡಿದರೆ ಗೊತ್ತಾಗುತ್ತದೆ. ಆದರೆ ನಮ್ಮನ್ನು ಯಾರೂ ಕೇಳುವುದಿಲ್ಲ. ಕೇಳುವುದು ಉತಾರ.

ಊರಿನ ಓದುಗರಿಗೆ ಉತಾರ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಜಾಮೀನು ಮಂಜೂರಾಯಿತು, ಇಂತಿಷ್ಟು ರೂಪಾಯಿಗೆ ಒಬ್ಬರೋ ಇಬ್ಬರೋ ಶ್ಯೂರಿಟಿ, ಅಂದರೆ ಹೊಣೆ ನಿಲ್ಲುವ ಮನುಷ್ಯನನ್ನು, ತಾ ಎಂದು ಆದೇಶವಾಗುತ್ತದೆ. ಶ್ಯೂರಿಟಿ ನಿಲ್ಲುವವನು ಉತಾರ ತರಬೇಕು. ಉತಾರದ ಮೇಲೆ ಸೊಸಾಯಿಟಿ ಸಾಲದ ಬೋಜಾ ಇದ್ದರೆ ತಕರಾರು. ಮಹಾರಾಷ್ಟ್ರದ ಚಂದಗಡದ ಕಡೆಯ ಬೀಗರು ಅಲ್ಲಿನ ಸಾತ್‌ಬಾರಾ ಉತಾರ ಹಿಡಿದು ಬಂದರೆ ಅದು ಬೇರೆ ರಾಜ್ಯದ್ದು ಎಂದು ವಾಪಸ್. ಇನ್ನು ಹೊಲವೇ ಇಲ್ಲದವನು ಏನು ತರಬೇಕು? ಉತಾರದಲ್ಲಿ ಬೆಳೆಗೊಂದು ಕಾಲಂ ಇದೆ, ಬಾವಿಗಿದೆ, ಮನುಷ್ಯ ಎಂಥವನು ಅನ್ನುವುದಕ್ಕೆ ಇಲ್ಲ. ಹಾಗಂತ ದುಡ್ಡಿದ್ದವರಿಗೆ ಇದೇನೂ ಅಡ್ಡಿಯಲ್ಲ. ಕಂಡು ಕೇಳರಿಯದ ಆರೋಪಿಗೆ ಬಾಡಿಗೆಗೆ ಉತಾರ ಸಮೇತ ನಿಲ್ಲುವವರು ಹುಡುಕಿದರೆ ಸಿಗುತ್ತಾರೆ. ನಿಜವಾಗಿ ಓಡಿಹೋಗುವ ಆಸಾಮಿ ಅಂಥವರ ಆಸರೆಯಲ್ಲೇ ಹೊರಗೆ ಬರುತ್ತಾನೆ.

ನನ್ನ ಬ್ಯಾರಕ್ಕಿನಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಒಬ್ಬ ಹುಡುಗ ಇದ್ದ. ಮೋಟಾರು ಕದ್ದ ಆರೋಪ. ಜಾಮೀನು ಆಗಿತ್ತು, ಶ್ಯೂರಿಟಿ ಇರಲಿಲ್ಲ. ಫ್ಯಾಕ್ಟರಿ ಸೀಜನ್ ಮುಗಿದು ಗ್ಯಾಂಗು ಬೇರೆ ಊರಿಗೆ ಹೋಯಿತು, ಗ್ಯಾಂಗಿನ ಮುಖ್ಯಸ್ಥ ಮುಕಾದಮ ಫೋನ್ ಎತ್ತುವುದು ಬಿಟ್ಟ. ಅವನ ಅವ್ವ ಮುಲಾಖಾತಿಗೆ ಬಂದಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದ ರೇಷನ್ ಕಾರ್ಡು ತೋರಿಸಿ, ‘ಸಾಹೇಬ್ರ, ಇದನ್ನ ಇಟ್ಕೊಂಡು ಬಿಡಾಕ ಬರಂಗಿಲ್ಲೇನ್ರಿ?’ ಎಂದು ನನ್ನನ್ನು ಕೇಳಿದಳು. ನಾನು ಯಾವ ಸಾಹೇಬ! ಕೋರ್ಟಿಗೆ ಕರೆದೊಯ್ಯುವ ಎಸ್ಕಾರ್ಟಿಗೆ ಡಿ.ಎ.ಆರ್. (ಜಿಲ್ಲಾ ಸಶಸ್ತ್ರ ಮೀಸಲು) ಪೊಲೀಸರು ಸಿಗದೆ ಒಂದೆರಡು ತಾರೀಖೂ ತಪ್ಪಿದವು, ಕೇಸು ಇನ್ನಷ್ಟು ಎಳೆಯಿತು. ಆ ಹುಡುಗ ದಿನಾ ಬೆಳಿಗ್ಗೆ ಬ್ಯಾರಕ್ಕಿನ ಅಂಗಳ ಗುಡಿಸುತ್ತಿದ್ದ, ಯಾರೂ ಹೇಳದೆ. ಕದ್ದಿದ್ದನೋ ಇಲ್ಲವೋ ನಾನು ಹೇಳಲಾರೆ, ಅದು ಕೋರ್ಟಿನ ಕೆಲಸ. ಬಿಟ್ಟಿದ್ದರೆ ತಾರೀಖಿಗೆ ಬರುತ್ತಿದ್ದ ಎಂದು ಮಾತ್ರ ನನ್ನ ಪಿಂಚಣಿ ಪಣಕ್ಕಿಟ್ಟು ಹೇಳುತ್ತೇನೆ.

ಬರುತ್ತಾರೆ ಎಂಬುದಕ್ಕೆ ಸಾಕ್ಷಿ ಏನು ಅನ್ನುವವರಿಗೆ ಕೊರೊನಾ ಕಾಲ ನೆನಪು ಮಾಡುತ್ತೇನೆ. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳ ದಟ್ಟಣೆ ಇಳಿಸಲು ಹೇಳಿತು. ಕೆಲವರನ್ನು ಮಧ್ಯಂತರ ಜಾಮೀನಿನ ಮೇಲೆ, ಕೆಲವರನ್ನು ಪೆರೋಲ್ ಮೇಲೆ ಬಿಟ್ಟರು. ವಾಪಸ್ ಬನ್ನಿ ಎಂದು ಕರೆದಾಗ ನಮ್ಮ ಗೇಟಿನ ಮುಂದೆ ಕಂಡದ್ದನ್ನು ನಾನು ಮರೆಯಲಾರೆ. ಹೆಗಲಿಗೆ ಚೀಲ ಹಾಕಿಕೊಂಡು, ತಾವಾಗಿಯೇ, ಯಾವ ಪೊಲೀಸರೂ ಜೊತೆಗಿಲ್ಲದೆ ಬಂದು ನಿಂತಿದ್ದರು. ಒಬ್ಬ ಹಿರಿಯ ಮನುಷ್ಯ ನಮಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದಿದ್ದ. ತೆಗೆದುಕೊಳ್ಳಲು ನಿಯಮವಿಲ್ಲ, ಬೈದು ವಾಪಸ್ ಕಳಿಸಿದೆವು. ಬಾರದವರೂ ಇದ್ದರು, ಅವರನ್ನು ಪೊಲೀಸರು ಹುಡುಕಬೇಕಾಯಿತು. ಅದನ್ನು ಮುಚ್ಚಿಡುವುದಿಲ್ಲ. ಬಾರದೆ ಹೋದವರಲ್ಲಿ ಹೊಲ ಇದ್ದವನೂ ಇದ್ದ, ಬಂದು ನಿಂತವರಲ್ಲಿ ಗೇಣು ಜಾಗ ಇಲ್ಲದವರು ಎಷ್ಟೋ ಮಂದಿ.

ಇದೇನು ಹೊಸ ಮಾತಲ್ಲ. ಆಟಪಾಡಿ ನಮ್ಮ ವಿಜಯಪುರ ಜಿಲ್ಲೆಗೆ ಹತ್ತಿರದ ಊರು, ಈಗ ಸಾಂಗ್ಲಿ ಜಿಲ್ಲೆಯಲ್ಲಿದೆ. 1939ರಲ್ಲಿ ಔಂಧ ಸಂಸ್ಥಾನದವರು ಅಲ್ಲಿ ಸ್ವತಂತ್ರಪುರ ಎಂದು ಗೋಡೆಯಿಲ್ಲದ ವಸಾಹತು ಮಾಡಿ ಕೈದಿಗಳನ್ನು ಹೊಲದ ಕೆಲಸಕ್ಕೆ ಇಟ್ಟರು. ನಮ್ಮ ರಾಜ್ಯದಲ್ಲೂ ದೇವನಹಳ್ಳಿ ಕಡೆ ಬಯಲು ಬಂದೀಖಾನೆ ಇದೆ. ಆದರೆ ಅಂಥ ಕಡೆ ಹೋಗುವುದು ಶಿಕ್ಷೆಯಾದವರು. ತಪ್ಪು ಸಾಬೀತಾದವನನ್ನು ನಂಬುತ್ತೇವೆ, ಸಾಬೀತಾಗದವನನ್ನು ಗೋಡೆಯೊಳಗೆ ಇಡುತ್ತೇವೆ. ಈ ಲೆಕ್ಕ ನನಗೆ ನೌಕರಿಯಲ್ಲಿದ್ದಾಗಲೂ ತಿಳಿಯಲಿಲ್ಲ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗೌಂಡಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಶ್ಯೂರಿಟಿ ಕೇಳಿ, ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದ್ದರು. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪದೆ, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ, ಅಂದರೆ ಬೇರೆ ಯಾರ ಹೊಣೆಯೂ ಇಲ್ಲದೆ ಅವನೇ ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ, ಅವನನ್ನು ಬಿಡಿಸಿದರು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಂ ಪ್ರಕಾರ ಜಾಮೀನು ಕೊಡಲೇಬೇಕಾದ ಅಪರಾಧದಲ್ಲಿ ಒಂದು ವಾರದೊಳಗೆ ಶ್ಯೂರಿಟಿ ಒದಗಿಸಲಾರದವನನ್ನು ಬಡವನೆಂದೇ ತಿಳಿದು, ಅವನ ಸ್ವಂತ ಬಾಂಡಿನ ಮೇಲೆ ಬಿಡಬೇಕು. ಕಳವಿನಂಥ ಜಾಮೀನುರಹಿತ ಕೇಸಿಗೆ ಈ ಕಲಂ ನೇರವಾಗಿ ಹೊಂದುವುದಿಲ್ಲ, ಅಲ್ಲೇ ನಮ್ಮ ಕಬ್ಬಿನ ಗ್ಯಾಂಗಿನವರು ಸಿಕ್ಕಿಬೀಳುತ್ತಾರೆ. ಅಂಥವರ ಶ್ಯೂರಿಟಿ ಇಳಿಸುವ ಅಧಿಕಾರ ನ್ಯಾಯಾಧೀಶರಿಗೆ ಇದ್ದೇ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳಿಗೆಂದು ಯೋಜನೆಯನ್ನೂ ತಂದಿದೆ, ತಂದಾಗ ಜಾಮೀನಿನ ಹಣಕ್ಕೆ 40,000 ರೂಪಾಯಿವರೆಗೆ ನೆರವು ಎಂದಿತ್ತು. ಹಣ ಕಟ್ಟಿ ಬಿಡಿಸಬಹುದಾದ ಕಡೆ ಇದು ಒಳ್ಳೆಯದೇ. ಆದರೆ ಕೇಳುವುದು ಹಣವಲ್ಲ, ಹೊಲ ಇದ್ದ ಮನುಷ್ಯ ಅನ್ನುವಲ್ಲಿ ಹಣ ಏನು ಮಾಡೀತು?

ಎಲ್‌ವುಡ್ ಮತ್ತು ಅವನ ಜೊತೆಗಾರರನ್ನು 1663ರ ಜನವರಿಯಲ್ಲಿ ಬಿಟ್ಟರು. ಅವನು ಹೆದರಿ ಮನೆಯಲ್ಲಿ ಕೂಡಲಿಲ್ಲ. 1665ರಲ್ಲಿ ಲಂಡನ್ನಿಗೆ ಪ್ಲೇಗು ಬಂದಾಗ ಮಿಲ್ಟನ್ನನಿಗೆ ಚಾಲ್‌ಫಾಂಟ್ ಸೇಂಟ್ ಜೈಲ್ಸ್ ಎಂಬ ಹಳ್ಳಿಯಲ್ಲಿ ಮನೆ ಗೊತ್ತು ಮಾಡಿಕೊಟ್ಟ. ಕವಿ ಅಲ್ಲಿಗೆ ಬರುವ ಹೊತ್ತಿಗೆ ಇವನು ಮತ್ತೆ ಜೈಲಿನಲ್ಲಿ, ಈ ಸಲ ಒಂದು ಶವಸಂಸ್ಕಾರಕ್ಕೆ ಹೋದ ತಪ್ಪಿಗೆ. ಆಣೆಯ ಬದಲು ಗಂಭೀರವಾಗಿ ದೃಢೀಕರಿಸಿದರೆ ಸಾಕು ಎಂದು ಕ್ವೇಕರರಿಗಾಗಿ ಅಲ್ಲಿನ ಕಾನೂನು ಬದಲಾದದ್ದು 1696ರಲ್ಲಿ, ಎಲ್‌ವುಡ್ ಅದನ್ನು ನೋಡಲು ಬದುಕಿದ್ದ. ಇಂದು ನಮ್ಮ ಶಾಸಕರು ದೇವರ ಹೆಸರು ಹೇಳದೆಯೂ ಪ್ರಮಾಣವಚನ ತೆಗೆದುಕೊಳ್ಳಬಹುದಲ್ಲ, ಅಂಥ ಪದ್ಧತಿಯ ಹಿಂದೆ ಈ ಮಂದಿಯ ಜೈಲುವಾಸವೂ ಇದೆ.

ನನ್ನ ಬೇಡಿಕೆ ಸಣ್ಣದು. ಪ್ರತಿ ಜಿಲ್ಲೆಯಲ್ಲಿ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇದೆ. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲಾಧಿಕಾರಿ, ಎಸ್.ಪಿ., ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲಿನ ಸೂಪರಿಂಟೆಂಡೆಂಟರು ಅದರಲ್ಲಿರುತ್ತಾರೆ. ಜಾಮೀನು ಸಿಕ್ಕೂ ಹೊರಬರದವರ ಪಟ್ಟಿ ಆ ಸಭೆಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಕೇಸ್ ನಂಬರು, ಕಲಂ, ತಾರೀಖುಗಳ ಪಕ್ಕ ಇನ್ನೊಂದು ಕಾಲಂ ಹಾಕಿ, ಬ್ಯಾರಕ್ಕಿನ ವಾರ್ಡರನ ಷರಾ ಬರೆಸಿರಿ. ‘ನಡತೆ ಚೆನ್ನಾಗಿದೆ’ ಎಂಬ ರಬ್ಬರ್ ಸ್ಟ್ಯಾಂಪು ಬೇಡ. ಇವನು ಬರುತ್ತಾನೋ ಇಲ್ಲವೋ, ಯಾಕೆ, ಎರಡು ಸಾಲು. ಸುಳ್ಳು ಬರೆದರೆ ವಾರ್ಡರನ ಸರ್ವೀಸ್ ಬುಕ್ಕಿನಲ್ಲಿ ಅದನ್ನೂ ಬರೆಯಿರಿ. ಹಣ ಪಡೆದು ಬರೆಯುವವರು ನಮ್ಮಲ್ಲಿ ಇದ್ದಾರೆಂದು ನನಗೂ ಗೊತ್ತು, ಅದಕ್ಕೇ ಒಬ್ಬನ ಬದಲು ಬೇರೆ ಬೇರೆ ಪಾಳಿಯ ಇಬ್ಬರಿಂದ ಬರೆಸಿದರೆ ಉತ್ತಮ.

ಒಳಗೆ ಯಾರಾದರೂ ಹೀಗೆ ಶ್ಯೂರಿಟಿ ಇಲ್ಲದೆ ಉಳಿದಿದ್ದರೆ ಮನೆಯವರು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಕೇಳಬಹುದು. ಅಲ್ಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಜಾಮೀನು ಆದೇಶದ ನಕಲು, ಆಧಾರ್ ಕಾರ್ಡು ಒಯ್ಯಿರಿ, ಶ್ಯೂರಿಟಿ ಇಳಿಸಲು ಅರ್ಜಿ ಹಾಕಿ ಎಂದು ನೀವೇ ಬಾಯಿ ಬಿಟ್ಟು ಕೇಳಿರಿ.

ಇಂತಿ,
ಒಬ್ಬ ನಿವೃತ್ತ ಹೆಡ್ ವಾರ್ಡರ್,
ವಡಗಾಂವ, ಬೆಳಗಾವಿ
(ಹೆಸರು ಪ್ರಕಟಿಸಬಾರದೆಂದು ವಿನಂತಿ)